ಗುಡಾರ ಹಾಕಲು ಹೊರಟವರಿಗೆ ಎಂಥ ಚಾಕು?

ಆದೂರಿನ ಓದುಗರೊಬ್ಬರ ಪ್ರಶ್ನೆ: "ಮಳೆ ಬಿಟ್ಟ ಮೇಲೆ ನಾಲ್ಕೈದು ಮಂದಿ ಗೆಳೆಯರು ಪಯಸ್ವಿನಿ ಹೊಳೆಬದಿಯ ನಮ್ಮದೇ ತೋಟದಲ್ಲಿ ಗುಡಾರ ಹಾಕಿ ಎರಡು ರಾತ್ರಿ ಉಳಿಯುವವರಿದ್ದೇವೆ. ಸಾವಿರ ರೂಪಾಯಿಯೊಳಗೆ ಹತ್ತು ವರ್ಷ ಬಾಳುವ ಚಾಕು ಯಾವುದು? ಆನ್‌ಲೈನಿನಲ್ಲಿ ನೋಡಿದಷ್ಟೂ ಗೊಂದಲ."

ನಾಲ್ಕು ಇಂಚಿನ ಅಲಗು, ಮೂರು ಮಿಲಿಮೀಟರ್ ದಪ್ಪದ ಬೆನ್ನು, ಮಡಚಲು ಬಾರದ್ದು, ಅಲಗಿನ ಕಬ್ಬಿಣವೇ ಹಿಡಿಯ ತುದಿಯವರೆಗೂ ಹೋಗಿರುವುದು. ಇಷ್ಟಿದ್ದರೆ ಸಾಕು. ಕಟ್ಟಿಗೆ ಕಡಿಯುವ ಕೆಲಸವನ್ನು ಅದಕ್ಕೆ ಕೊಡಬೇಡಿ. ಅದಕ್ಕೆ ನಿಮ್ಮ ಮನೆಯ ಸೂರಿನಲ್ಲಿ ಸಿಕ್ಕಿಸಿಟ್ಟ ಕತ್ತಿ ಇದ್ದೇ ಇದೆ. ಹೊರದೇಶದವರು ಒಂದೇ ಚಾಕುವಿನಲ್ಲಿ ಮರವನ್ನೂ ಸೀಳಿ ಮೀನನ್ನೂ ಕೊಯ್ಯುವ ವೀಡಿಯೊಗಳನ್ನು ನೋಡಿ ನಾವು ದಪ್ಪ, ಭಾರದ ಚಾಕು ಹುಡುಕಲು ಹೋಗುತ್ತೇವೆ. ದಪ್ಪ ಬೆನ್ನಿನ ಚಾಕು ಈರುಳ್ಳಿಯನ್ನು ಕೊಯ್ಯುವುದಿಲ್ಲ, ಒಡೆಯುತ್ತದೆ. ಕತ್ತಿಗೆ ಜತೆಯಾಗಿ ನಿಮಗೆ ಬೇಕಾದದ್ದು ಒಂದು ಒಳ್ಳೆಯ ಪೀಶಕತ್ತಿ, ಅಂದರೆ ಕೊಯ್ಯುವ ಸಣ್ಣ ಚಾಕು, ಅಷ್ಟೆ.

ಹಿಡಿಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹಿಡಿಯೊಳಗೆ ಬೆಂಕಿಪೊಟ್ಟಣ, ಹಿಂಬದಿಯಲ್ಲಿ ದಿಕ್ಸೂಚಿ, ಬೆನ್ನಿಗೆ ಗರಗಸದ ಹಲ್ಲು ಇದ್ದ ಚಾಕುವೊಂದನ್ನು ತರಿಸಿದ್ದೆ. ಒಣ ಗೇರುಕೊಂಬೆಯ ಮೇಲಿಟ್ಟು ಬೆನ್ನಿಗೆ ಎರಡು ಪೆಟ್ಟು ಕೊಟ್ಟದ್ದೇ ತಡ, ಹಿಡಿ ನನ್ನ ಕೈಯಲ್ಲಿ ಉಳಿಯಿತು, ಅಲಗು ಹಾರಿ ತರಗೆಲೆಯೊಳಗೆ ಬಿತ್ತು. ಟಾರ್ಚ್ ಹಾಕಿ ಹುಡುಕಿ ತೆಗೆದಾಗ ಕಂಡದ್ದು, ಅಲಗಿನ ಬುಡದಲ್ಲಿ ಕಿರುಬೆರಳಿನ ಅರ್ಧ ಉದ್ದವೂ ಇಲ್ಲದ ಒಂದು ಬೋಲ್ಟು. ಅಷ್ಟೂ ಬಲ ಅದರ ಮೇಲೆ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ತಮ್ಮನ ಕಾಲಿಗೆ ತಾಗಲಿಲ್ಲ ಎಂಬುದೇ ಸಮಾಧಾನ. ಟೊಳ್ಳು ಹಿಡಿಯ ಚಾಕು ಎಷ್ಟೇ ಅಗ್ಗವಾಗಿರಲಿ, ಕೊಳ್ಳಬೇಡಿ.

ನಿಮ್ಮ ಬಜೆಟ್ಟಿಗೆ ನಾನು ಸೂಚಿಸುವುದು ಆಚಾರಿಯ ಕುಲುಮೆ. ಲಾರಿಯ ಹಳೆಯ ಪ್ಲೇಟು, ಅಂದರೆ ಲೀಫ್ ಸ್ಪ್ರಿಂಗ್, ಚಾಕುವಿಗೆ ಒಳ್ಳೆಯ ಉಕ್ಕು. ಅದರಲ್ಲಿ ಸುಮಾರು 0.5ರಿಂದ 0.6 ಶೇಕಡಾ ಕಾರ್ಬನ್ ಇರುತ್ತದೆ, ಹದ ಹಾಕಿದರೆ ಗಡಸಾಗುತ್ತದೆ. ನನ್ನದನ್ನು ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ತೆಗೆದ ಮೇಲೆ ಅಲಗು ಗಾಜಿನ ಹಾಗೆ, ಬಿದ್ದರೆ ಮುರಿಯುವಂತಿರುತ್ತದೆ. ಆಚಾರಿ ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರು. ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣ ಹರಿಯುತ್ತಾ ಬಂತು. ಬಾಯಿಯ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಕೂಡಲೇ "ಇನ್ನು ಸಾಕು, ನೀಲಿ ಬಂದರೆ ಮೆದುವಾಗ್ತದೆ" ಎಂದು ನೀರಿಗೆ ಹಾಕಿದರು. ಚಾಕುವಿನ ಆಯುಷ್ಯ ನಿಂತಿರುವುದು ಆ ಒಂದು ಕ್ಷಣದ ಮೇಲೆ. ಉಕ್ಕಿನ ಹೆಸರು ಎಷ್ಟೇ ದೊಡ್ಡದಿರಲಿ, ಹದ ತಪ್ಪಿದರೆ ಪ್ರಯೋಜನವಿಲ್ಲ. ಸಿದ್ಧವಾದ ಮೇಲೆ ಬಾಯಿಗೆ ಅರ ಹಾಕಿ ನೋಡಿ. ಅರ ಹೆಚ್ಚೂಕಡಿಮೆ ಜಾರಿದರೆ ಸರಿ, ಸುಲಭವಾಗಿ ಕಚ್ಚಿ ಪುಡಿ ಬಂದರೆ ಹದ ಸಾಲದು.

ಆಚಾರಿಗೆ ಮೊದಲೇ ಎರಡು ಮಾತು ಹೇಳಿ. ಬೆನ್ನು ತೆಳ್ಳಗಿರಲಿ, ಕತ್ತಿ ಮಾಡಿ ಅಭ್ಯಾಸವಾದ ಕೈ ದಪ್ಪವಾಗಿಯೇ ಬಿಡುತ್ತದೆ. ಇನ್ನೊಂದು, ಬುಡದ ಮೊಳೆಯನ್ನು ಕಾಯಿಸಿ ಮರಕ್ಕೆ ಇಳಿಸುವ ಹಿಡಿ ಬೇಡ, ಎರಡೂ ಬದಿಗೆ ಮರ ಇಟ್ಟು ರಿವೆಟ್ ಹೊಡೆಯಲಿ.

ಕೊಳ್ಳುವುದೇ ಆದರೆ ಸ್ವೀಡನ್ನಿನ ಮೋರಾ ಕಂಪ್ಯಾನಿಯನ್‌ನ ಸ್ಟೇನ್‌ಲೆಸ್ ಚಾಕು ನಂಬಬಹುದಾದದ್ದು. ನಿಮ್ಮ ಸಾವಿರದ ಗೆರೆಯನ್ನು ಅದು ದಾಟುತ್ತದೆ. ಅದರ ಕಬ್ಬಿಣ ಹಿಡಿಯ ತುದಿಯವರೆಗೆ ಹೋಗುವುದಿಲ್ಲ, ಆದರೂ ಸುತ್ತಲೂ ಪ್ಲಾಸ್ಟಿಕ್ ಗಟ್ಟಿಯಾಗಿ ಎರಕವಾಗಿರುವುದರಿಂದ ಪೀಶಕತ್ತಿಯ ಕೆಲಸಕ್ಕೆ ಅಡ್ಡಿಯಿಲ್ಲ. ಫ್ರಾನ್ಸಿನ ಒಪಿನೆಲ್ ಮಡಚುವ ಚಾಕು ಬಹಳ ಚಂದ, ಆದರೆ ಅದರ ಮರದ ಹಿಡಿ ನಮ್ಮ ಆಟಿ ತಿಂಗಳ ಮಳೆಯ ತಂಡಿಗೆ ಉಬ್ಬಿ ಅಲಗು ಬಿಚ್ಚಲು ಬಾರದಂತಾಗುತ್ತದೆ.

ಲಾರಿಪ್ಲೇಟಿನ ಚಾಕು ತುಕ್ಕು ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ನಮ್ಮದು, ಮೇಲಿಂದ ಕಡಲ ಗಾಳಿ. ಹಸಿ ಅಡಿಕೆ, ಬಾಳೆಕಾಯಿ ಕೊಯ್ದರೆ ಅಲಗು ಕಪ್ಪಾಗುತ್ತದೆ, ಅದರಿಂದ ಕೇಡಿಲ್ಲ. ಕೆಲಸವಾದ ಕೂಡಲೇ ತೊಳೆದು, ಒರೆಸಿ, ಎರಡು ಹನಿ ತೆಂಗಿನೆಣ್ಣೆ ಸವರಿ. ಮಸೆಯುವುದು ಕಲ್ಲಿನಲ್ಲೇ ಆಗಲಿ. ಕರೆಂಟಿನ ಸಾಣೆಚಕ್ರಕ್ಕೆ ಒತ್ತಿ ಹಿಡಿದರೆ ಬಾಯಿ ಬಿಸಿಯಾಗಿ ನೀಲಿಗಟ್ಟುತ್ತದೆ. ಆಚಾರಿ ಹಾಕಿದ ಹದ ಅಲ್ಲಿಗೆ ಹೋಯಿತು.

ತೋಟದಲ್ಲಿ ಉಳಿಯುವವರಿಗೆ ಕಾನೂನಿನ ತೊಡಕಿಲ್ಲ. ಆದರೆ ಅಲ್ಲಿಂದ ಮುಂದೆ ಕರ್ನಾಟಕದ ತಲಕಾವೇರಿ ವನ್ಯಧಾಮದ ಕಡೆಗೆ ಹೋಗುವ ಯೋಚನೆಯಿದ್ದರೆ ಚಾಕು ಮನೆಯಲ್ಲಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಎಂಬ ಪದಕ್ಕೆ ಚಾಕುವೂ ಸೇರುತ್ತದೆ. ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ವನ್ಯಧಾಮದೊಳಗೆ ಹೋಗುವಂತಿಲ್ಲ.

ಚರ್ಮದ ಒರೆ ಹೊಲಿಸಿದರೆ ತಿರುಗಾಟಕ್ಕೆ ಮಾತ್ರ ಅದನ್ನು ಬಳಸಿ. ಮನೆಗೆ ಬಂದ ಮೇಲೆ ಚಾಕುವನ್ನು ಒರೆಯಿಂದ ತೆಗೆದು, ಎಣ್ಣೆ ಸವರಿ, ಕಾಗದ ಸುತ್ತಿ ಬೇರೆಯೇ ಇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಜೂನ್ ಕಳೆಯುವಷ್ಟರಲ್ಲಿ ಅಲಗಿನ ಮೇಲೆ ತುಕ್ಕಿನ ಚುಕ್ಕೆಗಳು ಏಳುತ್ತವೆ.