ಬಂದರಿನಲ್ಲಿ ಇಳಿದ ಮೇಲೆ ಹಡಗಿನವರ ಟೂರೋ, ನಮ್ಮದೇ ದಾರಿಯೋ?

ಪ್ರಶ್ನೆ: "ನಾವು ನಾಲ್ಕು ಜನ, ಅಪ್ಪ ಅಮ್ಮನೂ ಜೊತೆಗಿರ್ತಾರೆ. ಮೆಡಿಟರೇನಿಯನ್ ಕ್ರೂಸ್ ಬುಕ್ ಆಗಿದೆ. ರೋಮ್, ನೇಪಲ್ಸ್, ಸ್ಯಾಂಟೊರಿನಿ. ಊರು ನೋಡೋಕೆ ಹಡಗಿನವರ ಟೂರ್ ತಗೊಳ್ಳೋದಾ, ನಾವೇ ಹೋಗಿ ಬರೋದಾ? ಸ್ವಂತವಾಗಿ ಹೋದ್ರೆ ಹಡಗು ಬಿಟ್ಟು ಹೋಗುತ್ತಂತೆ, ಹೌದಾ?"

ಊರಿನ ಹೆಸರು ಬದಲಾಗುತ್ತದೆ, ಜನ ನಾಲ್ಕರ ಬದಲು ಆರಾಗುತ್ತಾರೆ, ಕೊನೆಯ ವಾಕ್ಯ ಮಾತ್ರ ಪ್ರತಿ ಸಲವೂ ಇದೇ. ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ನೇಪಲ್ಸ್‌ನಲ್ಲಿ ನೀವೇ ಹೋಗಿ. ಅಪ್ಪ ಅಮ್ಮ ರೈಲು ಹತ್ತಿ ಇಳಿಯುವಷ್ಟು, ಅರ್ಧ ಗಂಟೆ ನಡೆಯುವಷ್ಟು ಗಟ್ಟಿಯಾಗಿದ್ದರೆ ರೋಮ್‌ಗೂ ನೀವೇ ಹೋಗಿ. ಸ್ಯಾಂಟೊರಿನಿಯಲ್ಲಿ ಹಡಗಿನವರ ಟೂರ್ ತೆಗೆದುಕೊಳ್ಳಿ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ ಎಂದು ಗೊತ್ತು. "ಅದೆಲ್ಲ ಸರಿ, ಆದರೆ ಹಡಗು ಬಿಟ್ಟು ಹೋದರೆ?" ಎಂದು ಮತ್ತೆ ಬರೆಯುತ್ತೀರಿ. ಆದ್ದರಿಂದ ಆ ಒಂದು ಮಾತನ್ನೇ ಹಿಡಿದು ಕೂರೋಣ.

ಹಡಗಿನವರ ಟೂರ್‌ನಲ್ಲಿ ಹೋದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದರೆ ಬಿಟ್ಟು ಹೋಗುತ್ತದೆ: ಟೂರ್ ಡೆಸ್ಕ್‌ನವರು ಇದನ್ನು ಹೇಳುತ್ತಾರೆ, ಕ್ರೂಸ್ ಮುಗಿಸಿ ಬಂದ ನೆಂಟರು ಹೇಳುತ್ತಾರೆ, ಕೇಳಿದವರು ಹೆದರಿ ದುಡ್ಡು ಕಟ್ಟುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಅರ್ಧ ನಿಜ ಇರುವುದರಿಂದಲೇ ಇದನ್ನು ಕಿತ್ತು ಹಾಕುವುದು ಇಷ್ಟು ಕಷ್ಟ.

ಹಡಗಿನವರು ನಿಜವಾಗಿ ಏನು ಮಾತು ಕೊಟ್ಟಿರುತ್ತಾರೆ ಎಂದು ಓದಿ ನೋಡಿ. "ಕಾದೇ ಕಾಯುತ್ತೇವೆ" ಎಂದು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಟೂರ್ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ನಮ್ಮ ಖರ್ಚಿನಲ್ಲಿ ಮುಂದಿನ ಬಂದರಿಗೆ ತಲುಪಿಸುತ್ತೇವೆ ಎಂದಿರುತ್ತದೆ. ಆ "ಇಲ್ಲವೇ" ಯಾರ ಕಣ್ಣಿಗೂ ಬೀಳುವುದಿಲ್ಲ. ಬಹಳ ಸಲ ಕಾಯುತ್ತಾರೆ ನಿಜ. ನಲವತ್ತು ಜನ ಕೂತಿರುವ ಬಸ್ಸು, ಗೈಡ್ ಫೋನಿನಲ್ಲಿ ಸಿಗುತ್ತಾನೆ, ಇನ್ನು ಇಪ್ಪತ್ತು ನಿಮಿಷ ಎನ್ನುತ್ತಾನೆ. ಆದರೆ ತೀರ್ಮಾನ ಕ್ಯಾಪ್ಟನ್‌ನದು. ಬಂದರಿನಲ್ಲಿ ಆ ಜಾಗಕ್ಕೆ ಇನ್ನೊಂದು ಹಡಗು ಬರುವುದಿರುತ್ತದೆ, ಹಡಗನ್ನು ಹೊರಗೆ ದಾಟಿಸಲು ಬರುವ ಪೈಲಟ್‌ಗೆ ಹೊತ್ತು ನಿಗದಿಯಾಗಿರುತ್ತದೆ, ಮರುದಿನ ಬೆಳಗ್ಗೆ ಮುಂದಿನ ಬಂದರಿನಲ್ಲಿ ಮತ್ತೊಂದು ಹೊತ್ತು ನಿಗದಿಯಾಗಿರುತ್ತದೆ.

ಇನ್ನೊಂದು ವಿಷಯ. ಆ ಮಾತು ಇರುವುದು ಟೂರ್ ತಡವಾದರೆ ಎಂದು, ನೀವು ತಡವಾದರೆ ಎಂದಲ್ಲ. ಕೊಲೊಸಿಯಂ ಮುಂದೆ ಗುಂಪು ಬಿಟ್ಟು ಫೋಟೋ ತೆಗೆಯಲು ಹೋಗಿ ಬಸ್ಸು ತಪ್ಪಿಸಿಕೊಂಡರೆ, ಹಡಗಿನವರ ಟೂರ್ ಕೊಂಡವರೂ ಸ್ವಂತವಾಗಿ ಹೋದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಈಗ ಎರಡನೇ ಅರ್ಧ. ನೀವು ಹಡಗಿಗೆ ಮರಳುವಾಗ ಗ್ಯಾಂಗ್‌ವೇಯಲ್ಲಿ, ಅಂದರೆ ಹಡಗು ಹತ್ತುವ ದಾರಿಯಲ್ಲಿ, ಕ್ಯಾಬಿನ್ ಕಾರ್ಡ್ ತೋರಿಸುತ್ತೀರಿ, ಯಂತ್ರ ಟಿಂಗ್ ಎನ್ನುತ್ತದೆ, ಮುಗಿಯಿತು. ಯಾರ ಟೂರ್‌ನಲ್ಲಿ ಹೋಗಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ಹತ್ತಿರಬೇಕಾದ ಹೊತ್ತು, ಅಂದರೆ ಆಲ್ ಅಬೋರ್ಡ್, ಹಡಗು ಹೊರಡುವ ಸುಮಾರು ಅರ್ಧ ಗಂಟೆ ಮೊದಲು ಇರುತ್ತದೆ. ಆ ಹೊತ್ತಿಗೆ ಯಾರ ಕಾರ್ಡ್ ಒಳಗೆ ಬಂದಿಲ್ಲ ಎನ್ನುವ ಪಟ್ಟಿ ಅವರ ಮುಂದಿರುತ್ತದೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಆಗಲೂ ಬರದಿದ್ದರೆ ಎಷ್ಟೋ ಹಡಗುಗಳಲ್ಲಿ ಸಿಬ್ಬಂದಿ ಕ್ಯಾಬಿನ್‌ಗೆ ಹೋಗಿ ಪಾಸ್‌ಪೋರ್ಟ್ ಹುಡುಕಿ ತಂದು ದಡದಲ್ಲಿ ಹಡಗಿನವರ ಪರ ಕೆಲಸ ನೋಡುವ ಪೋರ್ಟ್ ಏಜೆಂಟ್ ಕೈಗೆ ಕೊಟ್ಟು ಹೊರಡುತ್ತಾರೆ. ಬಿಟ್ಟು ಹೋಗುವುದು ಹೊತ್ತು ಮೀರಿತು ಎನ್ನುವ ಒಂದೇ ಕಾರಣಕ್ಕೆ. ನಾನು ಹಡಗಿನ ಮೇಲ್ಗಡೆಯಿಂದ ನೋಡಿದ ಹಾಗೆ, ಕೊನೇ ಗಳಿಗೆಯಲ್ಲಿ ಏದುಸಿರು ಬಿಟ್ಟು ಓಡಿ ಬರುವವರ ಕೈಯಲ್ಲಿ ಬಂದರಿನ ಗೇಟಿನ ಪಕ್ಕದ ಅಂಗಡಿಯ ಚೀಲಗಳೇ ಹೆಚ್ಚು. ಹತ್ತಿರ ಇದ್ದೇವಲ್ಲ ಎನ್ನುವ ಧೈರ್ಯ ಅವರದು.

"2024ರಲ್ಲಿ ಎಂಟು ಜನರನ್ನು ಬಿಟ್ಟು ಹೋಗಿದ್ದು ಸುಳ್ಳಾ?" ಎಂದು ಕೇಳುವಿರಿ. ಸುಳ್ಳಲ್ಲ. ಆ ವರ್ಷ ಮಾರ್ಚ್‌ನಲ್ಲಿ ಆಫ್ರಿಕಾದ ಪಶ್ಚಿಮಕ್ಕಿರುವ ಸಾವೊ ಟೋಮೆ ದ್ವೀಪದಲ್ಲಿ ಖಾಸಗಿ ಟೂರ್‌ಗೆ ಹೋಗಿದ್ದ ಎಂಟು ಜನ ತಡವಾಗಿ ಬಂದರು. ಅಲ್ಲಿನ ಕರಾವಳಿ ಕಾವಲಿನವರು ದೋಣಿಯಲ್ಲಿ ಹಡಗಿನ ಹತ್ತಿರದವರೆಗೆ ಕರೆದೊಯ್ದರೂ ಹತ್ತಿಸಿಕೊಳ್ಳಲಿಲ್ಲ. ದೇಶ ದೇಶ ದಾಟಿ ಕೊನೆಗೆ ಸೆನೆಗಲ್‌ನ ಡಾಕರ್‌ನಲ್ಲಿ ಹಡಗು ಸೇರಿಕೊಂಡರು. ಆ ಸುದ್ದಿ ಓದಿ ರೋಮ್‌ಗೆ ಹೆದರುವುದು ಯಾವ ಲೆಕ್ಕ? ಅದು ಸಮುದ್ರದ ನಡುವಿನ ಪುಟ್ಟ ದ್ವೀಪ, ವಿಮಾನಗಳೇ ಕಡಿಮೆ. ರೋಮ್‌ನಲ್ಲಿ ಹಡಗು ತಪ್ಪಿದರೆ, ಮರುದಿನ ಅದು ನೇಪಲ್ಸ್‌ಗೆ ಬರುವುದಾದರೆ, ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯಲ್ಲಿ ನೀವೇ ಅದಕ್ಕಿಂತ ಮೊದಲು ಅಲ್ಲಿರುತ್ತೀರಿ. ಖರ್ಚಾಗುತ್ತದೆ, ಒಂದು ರಾತ್ರಿ ಹೋಟೆಲ್ ಆಗುತ್ತದೆ, ಪ್ರವಾಸ ಉಳಿಯುತ್ತದೆ.

ಇದರ ಜೊತೆಗೇ ಅಂಟಿಕೊಂಡಿರುವ ಇನ್ನೊಂದು ನಂಬಿಕೆ, ಹಡಗಿನವರ ಟೂರ್ ಎಂದರೆ ಹಡಗಿನವರೇ ನಡೆಸುವುದು, ಆದ್ದರಿಂದ ಜೀವಕ್ಕೆ ಅಪಾಯವಿಲ್ಲ ಎನ್ನುವುದು. ಬಸ್ಸು, ಗೈಡ್, ದೋಣಿ ಸಾಮಾನ್ಯವಾಗಿ ಆಯಾ ಊರಿನ ಸಂಸ್ಥೆಯವರದೇ. ಹಡಗಿನವರು ಮಾರಿ ತಮ್ಮ ಪಾಲು ಇಟ್ಟುಕೊಳ್ಳುತ್ತಾರೆ. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡ್‌ನ ವೈಟ್ ಐಲ್ಯಾಂಡ್ ಜ್ವಾಲಾಮುಖಿ ಸಿಡಿದಾಗ ದ್ವೀಪದ ಮೇಲೆ 47 ಜನರಿದ್ದರು. ಅವರಲ್ಲಿ 38 ಜನ ಒಂದೇ ಕ್ರೂಸ್ ಹಡಗಿನಿಂದ ಇಳಿದು ಬಂದವರು, ಹಡಗಿನ ಪಟ್ಟಿಯಲ್ಲಿದ್ದ ಟೂರ್‌ನಲ್ಲೇ. 22 ಜನ ತೀರಿಕೊಂಡರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ವಿಚಾರಿಸುವುದನ್ನು ಬಿಡಬೇಡಿ ಎನ್ನಲು ಹೇಳುತ್ತಿದ್ದೇನೆ.

ಹಾಗಾದರೆ ನೋಡಬೇಕಾದದ್ದು ಏನು? ಹಡಗು ನಿಲ್ಲುವ ಜಾಗದಿಂದ ನೋಡುವ ಜಾಗ ಎಷ್ಟು ದೂರ, ಹೋದ ದಾರಿ ಕೈಕೊಟ್ಟರೆ ವಾಪಸ್ ಬರಲು ಎರಡನೇ ದಾರಿ ಇದೆಯೇ. ಇವೆರಡೇ.

ರೋಮ್‌ನಲ್ಲಿ ಬಂದರೇ ಇಲ್ಲ. ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ, ರೋಮ್‌ಗೆ ಅಲ್ಲಿಂದ ಸುಮಾರು 80 ಕಿಲೋಮೀಟರ್. ದೂರ ಹೆಚ್ಚು, ಆದರೆ ದಾರಿಗಳೂ ಹೆಚ್ಚು. ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋದಾಗ ಅವರಿಗೆ ಎಪ್ಪತ್ತೊಂದು. ಬೆಳಗ್ಗೆ ಹಡಗಿನ ಥಿಯೇಟರಿನಲ್ಲಿ ಟೂರ್‌ನವರು ಅಂಗಿಗೆ ನಂಬರ್ ಸ್ಟಿಕ್ಕರ್ ಅಂಟಿಸಿಕೊಂಡು ಸರದಿಗೆ ಕಾದು ಕೂತಿದ್ದರು. ನಾವು ನೇರ ಇಳಿದು ಬಂದರಿನ ಬಸ್ಸಿನಲ್ಲಿ ಲಾರ್ಗೊ ದೆಲ್ಲಾ ಪಾಚೆವರೆಗೆ ಹೋದೆವು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸ್ಟೇಷನ್‌ಗೆ. ರೋಮ್‌ಗೆ ಹೋಗುವ ಸಾದಾ ರೈಲಿಗೆ ಟಿಕೆಟ್ ಐದು ಯೂರೋ ಆಸುಪಾಸು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಸೀಲ್ ಹಾಕಿಸಬೇಕು, ಮರೆತರೆ ದಂಡ. ಅತ್ತೆಯವರಿಗೆ ಆ ಯಂತ್ರದ ಕೆಲಸ ಎಷ್ಟು ಹಿಡಿಸಿತೆಂದರೆ ನಾಲ್ಕೂ ಟಿಕೆಟ್ ತಾವೇ ಇಸಿದುಕೊಂಡು ಒಂದೊಂದಾಗಿ ಸೀಲ್ ಹಾಕಿಸಿ, ಅಚ್ಚು ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಪರ್ಸಿನಲ್ಲಿಟ್ಟುಕೊಂಡರು. ಬಲಗಡೆ ಕಿಟಕಿಯಲ್ಲಿ ಕೂತರೆ ಸ್ವಲ್ಪ ದೂರ ಸಮುದ್ರ ಜೊತೆಗೇ ಬರುತ್ತದೆ. ಕೊನೆಯ ಸ್ಟೇಷನ್ ಟರ್ಮಿನಿವರೆಗೆ ಹೋಗದೆ ಸ್ಯಾನ್ ಪಿಯೆತ್ರೊದಲ್ಲಿ ಇಳಿದರೆ ವ್ಯಾಟಿಕನ್‌ಗೆ ನಡೆದೇ ಹೋಗಬಹುದು.

ವಾಪಸ್ ಹೊರಟಿದ್ದು ಮೂರು ಗಂಟೆಯ ಸುಮಾರಿಗೆ. ಹಡಗು ಏಳಕ್ಕೆ. "ಇಷ್ಟು ಬೇಗ ಯಾಕೆ?" ಎಂದು ಮಕ್ಕಳು ಮುಖ ಊದಿಸಿಕೊಂಡರು. ಈ ರೈಲು ತಪ್ಪಿದರೆ ಮುಂದಿನದು, ಅದೂ ಇಲ್ಲವಾದರೆ ಟ್ಯಾಕ್ಸಿ, ಮೂರಕ್ಕೂ ಹೊತ್ತು ಉಳಿಯಬೇಕು ಎನ್ನುವುದು ನಮ್ಮ ಮನೆಯ ನಿಯಮ. ಬಂಡೆಯಂತೆ ಅಲುಗದೆ ನಿಂತೆ. ಹಡಗಿನ ಮೆಟ್ಟಿಲು ಹತ್ತುವಾಗ ಇನ್ನೂ ಎರಡು ಗಂಟೆ ಬಾಕಿ ಇತ್ತು.

ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಆಗುತ್ತದೆ, ಮೊದಲೇ ಪ್ರಕಟಿಸುತ್ತಾರೆ. ಮುಷ್ಕರದ ದಿನವೂ ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳನ್ನು ಓಡಿಸುವ ಖಾತ್ರಿ ಇದೆ, ಆದರೆ ಸಂಜೆಯ ಆ ಹೊತ್ತು ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಅಂಥ ದಿನ ಹಡಗಿನವರ ಬಸ್ಸನ್ನೇ ಹಿಡಿಯಿರಿ. ಗೈಡ್ ಇಲ್ಲದೆ ರೋಮ್‌ಗೆ ಬಿಟ್ಟು ವಾಪಸ್ ತರುವ ಬಸ್ಸನ್ನಷ್ಟೇ ಮಾರುವ ಹಡಗುಗಳೂ ಇವೆ.

ನೇಪಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಡಗು ಊರಿನ ನಡುವೆಯೇ ನಿಲ್ಲುತ್ತದೆ. ಗರಿಬಾಲ್ಡಿ ಸ್ಟೇಷನ್‌ನಿಂದ ಚಿರ್ಕುಮ್‌ವೆಸುವಿಯಾನಾ ರೈಲು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಪೊಂಪೇ ಸ್ಕಾವಿ ಸ್ಟೇಷನ್, ಇಳಿದ ಕಡೆಯೇ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಾಳೂರು ಪೊಂಪೇಯ ಬಾಗಿಲು. ಜೇಬುಗಳ್ಳರ ಕಾಟವಿದೆ, ಪರ್ಸ್ ಮುಂದಕ್ಕಿಟ್ಟುಕೊಳ್ಳಿ.

ಸ್ಯಾಂಟೊರಿನಿಯಲ್ಲಿ ಲೆಕ್ಕ ತಿರುಗುತ್ತದೆ. ದೊಡ್ಡ ಹಡಗು ದಡಕ್ಕೆ ಬರುವುದೇ ಇಲ್ಲ, ಜ್ವಾಲಾಮುಖಿಯ ಬಾಯಿಯೊಳಗಿನ ನೀರಿನಲ್ಲಿ ನಿಂತಿರುತ್ತದೆ. ಚಿಕ್ಕ ದೋಣಿಗಳು ಜನರನ್ನು ಹಳೆಯ ಬಂದರಿಗೆ ತಂದು ಬಿಡುತ್ತವೆ. ತಲೆ ಎತ್ತಿದರೆ ಕಡಿದಾದ ಬಂಡೆಗೋಡೆ, ಅದರ ತುದಿಯಲ್ಲಿ ಫಿರಾ ಊರು. ಹತ್ತಲು ಕೇಬಲ್ ಕಾರ್, ಇಲ್ಲವೇ 588 ಮೆಟ್ಟಿಲು, ಇಲ್ಲವೇ ಅದೇ ಮೆಟ್ಟಿಲ ಮೇಲೆ ಕತ್ತೆ ಸವಾರಿ. ಹಡಗಿನವರ ಟೂರ್‌ನವರನ್ನು ಸಾಮಾನ್ಯವಾಗಿ ಮೊದಲ ದೋಣಿಗಳಲ್ಲಿ ಅಥಿನಿಯೋಸ್ ಎಂಬ ಬೇರೆ ಬಂದರಿಗೆ ಒಯ್ಯುತ್ತಾರೆ, ಅಲ್ಲಿ ಬಸ್ಸು ಕಾಯುತ್ತಿರುತ್ತದೆ. ಬೆಳಗ್ಗೆ ದೋಣಿಗೂ ಕೇಬಲ್ ಕಾರ್‌ಗೂ ಸಾಲಿನಲ್ಲಿ ಕಾಯುವ ಹೊತ್ತು ಉಳಿಯುತ್ತದೆ, ಅಪ್ಪ ಅಮ್ಮನ ಜೊತೆಗಿರುವಾಗ ಅದು ಕೊಟ್ಟ ದುಡ್ಡಿಗೆ ತಕ್ಕದ್ದೇ. ಇಳಿಯುವಾಗ ಮಾತ್ರ ಟೂರ್‌ನವರೂ ಸ್ವಂತವಾಗಿ ಬಂದವರ ಹಾಗೇ ಕೇಬಲ್ ಕಾರ್ ಸಾಲಿನಲ್ಲಿ ನಿಲ್ಲಬೇಕು. ನಾಲ್ಕೈದು ಹಡಗು ಬಂದ ದಿನ ಆ ಸಾಲು ಬೀದಿಯುದ್ದಕ್ಕೂ ಬೆಳೆಯುತ್ತದೆ. ಊಟ ಮುಗಿಯುತ್ತಲೇ ಹೊರಟುಬಿಡಿ.

ಸ್ವಂತವಾಗಿ ಬುಕ್ ಮಾಡುವವರಿಗೆ ನಿಜವಾಗಿ ಕಾಡಬೇಕಾದ ಚಿಂತೆಯೂ ಇಲ್ಲೇ ಇದೆ. ಬೇಸಿಗೆಯ ಗಾಳಿ ಜೋರಾದರೆ ದೋಣಿ ಇಳಿಸಲಾಗದೆ ಹಡಗು ಸ್ಯಾಂಟೊರಿನಿಯನ್ನೇ ಬಿಟ್ಟು ಮುಂದೆ ಹೋಗುತ್ತದೆ. ಹಡಗಿನ ಟೂರ್ ಆದರೆ ದುಡ್ಡು ವಾಪಸ್. ಖಾಸಗಿಯವರಿಗೆ ಮುಂಗಡ ಕೊಟ್ಟಿದ್ದರೆ ಏನಾಗುತ್ತದೆ ಎನ್ನುವುದನ್ನು ಬುಕ್ ಮಾಡುವಾಗಲೇ ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಹಡಗು ಬರದಿದ್ದರೆ ಹಣ ಬೇಡ ಎನ್ನುವವರು ಬೇಕಾದಷ್ಟಿದ್ದಾರೆ.

ಸಿಂಗಪುರದಿಂದ ಪೆನಾಂಗ್, ಫುಕೆಟ್‌ಗೆ ಹೋಗುವವರಿಗೆ ಎರಡು ಮಾತು. ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಕಟ್ಟೆಯಿಂದ ಜಾರ್ಜ್ ಟೌನ್‌ನ ಹಳೇ ಬೀದಿಗಳಿಗೆ, ಮಾರಿಯಮ್ಮನ ಗುಡಿ ಇರುವ ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಬಹುದು. ಆ ಬೀದಿಗಳನ್ನು ನೋಡಲು ಟೂರ್ ಕೊಳ್ಳುವುದೇ ಬೇಡ. ಫುಕೆಟ್‌ನಲ್ಲಿ ಗಡಿಯಾರ ನೋಡಿಕೊಳ್ಳಿ. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಗಂಟೆಯಲ್ಲೇ ನಡೆಯುತ್ತಿದ್ದು, ದಡ ಸೇರಿದ ಕೂಡಲೇ ನಿಮ್ಮ ಮೊಬೈಲ್ ತಾನಾಗಿ ಫುಕೆಟ್ ಗಂಟೆಗೆ ತಿರುಗಿಕೊಂಡರೆ, ನಿಮಗೆ ನಾಲ್ಕೂವರೆ ಎನಿಸಿದಾಗ ಹಡಗಿನಲ್ಲಿ ಐದೂವರೆ ಆಗಿರುತ್ತದೆ. ಇಳಿಯುವ ಮೊದಲು ಸಿಬ್ಬಂದಿಯನ್ನು ಕೇಳಿ, ಒಬ್ಬರಾದರೂ ಕೈಗಡಿಯಾರದಲ್ಲಿ ಹಡಗಿನ ಗಂಟೆ ಇಟ್ಟುಕೊಳ್ಳಿ.

ಯಾರೂ ಕೇಳದಿದ್ದರೂ ಇದನ್ನು ಹೇಳದೆ ಮುಗಿಸಲಾರೆ: ವೀಸಾ. ಹಡಗು ತಪ್ಪಿದ ಭಾರತೀಯ ಪಾಸ್‌ಪೋರ್ಟಿನವರ ನಿಜವಾದ ತೊಂದರೆ ಮುಂದಿನ ಬಂದರು ಯಾವ ದೇಶದಲ್ಲಿದೆ ಎನ್ನುವುದು. ಇಟಲಿಯಿಂದ ಗ್ರೀಸ್‌ಗೆ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಒಂದೇ ವೀಸಾ, ಸಾಕು. ನಡುವೆ ಟರ್ಕಿಯ ಇಸ್ತಾಂಬುಲ್ ಅಥವಾ ಕುಶಾದಸಿ ಇದ್ದರೆ ಷೆಂಗೆನ್ ದಾಟಿ ಹೋಗಿ ಮತ್ತೆ ಒಳಬರುತ್ತೀರಿ, ಒಂದೇ ಪ್ರವೇಶದ ವೀಸಾ ಆಗುವುದಿಲ್ಲ.

"ಹಡಗಿನವರ ಟೂರ್ ತಗೊಂಡ್ರೆ ವೀಸಾ ಬೇಡವಂತೆ" ಎನ್ನುವ ಮಾತಿಗೆ ಬೇರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅಲ್ಲಿ ಹಡಗಿನಲ್ಲಿ ಬಂದವರು ಪರವಾನಗಿ ಇರುವ ಟೂರ್‌ನವರ ಜೊತೆಗಿದ್ದರೆ 72 ಗಂಟೆ ವೀಸಾ ಇಲ್ಲದೆ ಓಡಾಡಬಹುದಿತ್ತು. ಆ ಪರವಾನಗಿ ಊರಿನ ಖಾಸಗಿ ಟೂರ್‌ನವರಿಗೂ ಇತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ದೊಡ್ಡ ಕ್ರೂಸ್ ಕಂಪನಿಗಳು ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದವು, ಮಾತು ಮಾತ್ರ ಉಳಿದುಕೊಂಡಿತು.

ಅಮೆರಿಕದಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನಿಗೆ ಅಲಾಸ್ಕಾ ಕ್ರೂಸ್ ಬುಕ್ ಮಾಡುವಾಗ ಇದನ್ನು ನೆನಪಿಡಿ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತದೆ. ವಿದೇಶಿ ಬಾವುಟದ ಹಡಗು ನಡುವೆ ಹೊರದೇಶದ ಬಂದರು ಮುಟ್ಟಲೇಬೇಕೆನ್ನುವ 1886ರ ಅಮೆರಿಕದ ಕಾನೂನು ಅದಕ್ಕೆ ಕಾರಣ. ಅಲ್ಲಿ ಇಳಿಯುವುದೇ ಇಲ್ಲ, ಕ್ಯಾಬಿನ್‌ನಲ್ಲೇ ಕೂರುತ್ತೇವೆ ಎಂದರೂ ಕೆನಡಾ ವೀಸಾ ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಲು ಬಿಡದಿರಬಹುದು. ಎಷ್ಟೋ ಟೂರ್‌ಗಳು ಹಡಗು ಹತ್ತಿದ ಮೇಲೂ ಸಿಗುತ್ತವೆ. ಕೆನಡಾ ವೀಸಾಕ್ಕೆ ಬೆರಳಚ್ಚು ಕೊಟ್ಟು ವಾರಗಟ್ಟಲೆ ಕಾಯಬೇಕು. ಆ ಅರ್ಜಿಯನ್ನು ಮೊದಲು ಹಾಕಿ.