ಮಾರಾಟ ಏರಿದೆ ಅಂದರೆ ಮೊದಲು ಪ್ಯಾಕೆಟ್ ಎಣಿಸಿ

ದೊಡ್ಡ ದಿನಸಿ ಬ್ರ್ಯಾಂಡ್‌ಗಳಲ್ಲಿ ಯಾವುದು ಏರಿತು, ಯಾವುದು ಇಳಿಯಿತು ಅನ್ನುವ ಪಟ್ಟಿಗಳು ಆಗಾಗ ಬರುತ್ತಿರುತ್ತವೆ. ಸೂಪರ್ ಮಾರ್ಕೆಟ್ ಬಿಲ್‌ಗಳ ಅಂಕಿ ಓದುವುದೇ ನನ್ನ ಕೆಲಸ. ಹಾಗಾಗಿ ಇಂಥ ಪಟ್ಟಿ ಕಂಡರೆ ನಾನು ಮೊದಲು ಕೇಳುವುದು ಇಷ್ಟೇ: ಏರಿದ್ದು ಹಣವೋ, ಪ್ಯಾಕೆಟ್ಟೋ?

ಬೆಲೆಯನ್ನು ಶೇ 10 ಏರಿಸಿ, ಪ್ಯಾಕೆಟ್ ಮಾರಾಟ ಶೇ 4 ಬಿದ್ದರೂ ಹಣದ ಲೆಕ್ಕ ಶೇ 5.6 ಮೇಲೇ ಇರುತ್ತದೆ. ಯೂನಿಲಿವರ್ 2022ರಲ್ಲಿ ಶೇ 9ರಷ್ಟು ಬೆಳೆಯಿತು. ಬಿಡಿಸಿ ನೋಡಿದರೆ ಬೆಲೆಯಿಂದ ಬಂದದ್ದು ಶೇ 11.3, ಮಾರಾಟವಾದ ಮಾಲಿನ ಪ್ರಮಾಣ ಮಾತ್ರ ಶೇ 2.1 ಇಳಿದಿತ್ತು. ಆ ವರ್ಷ ಕಚ್ಚಾ ಮಾಲಿನ ಬೆಲೆ ಸಿಕ್ಕಾಪಟ್ಟೆ ಏರಿತ್ತು, ಹಾಗಾಗಿ ಕಂಪನಿಯನ್ನು ಸುಮ್ನೆ ಬೈಯುವಂತಿಲ್ಲ. ಆದರೆ ಕೊಳ್ಳುವುದನ್ನು ಕೈಬಿಟ್ಟವರು ಯಾರು ಅಂತ ನೋಡಲೇಬೇಕು.

ಸಾಮಾನ್ಯವಾಗಿ ಅವರು ಅಪರೂಪಕ್ಕೆ ಕೊಳ್ಳುವವರು. ವರ್ಷಕ್ಕೆ ಒಂದೋ ಎರಡೋ ಸಲ ತೆಗೆದುಕೊಳ್ಳುವ ಮನೆಗಳು. ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಎಹ್ರೆನ್‌ಬರ್ಗ್ ದಶಕಗಳ ಕಾಲ ಇದನ್ನೇ ತೋರಿಸಿದರು. ದೊಡ್ಡ ಬ್ರ್ಯಾಂಡ್ ದೊಡ್ಡದಾಗಿರುವುದು ಮುಖ್ಯವಾಗಿ ಅದನ್ನು ಕೊಳ್ಳುವ ಮನೆಗಳು ಜಾಸ್ತಿ ಇರುವುದರಿಂದ. ನಿಷ್ಠೆಯಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಅಂಥ ಅಂತರವಿಲ್ಲ. ಈ ಅಪರೂಪದ ಗಿರಾಕಿ ಸಿಟ್ಟು ಮಾಡಿಕೊಂಡು ಹೋಗುವುದಿಲ್ಲ. ಮರೆತುಬಿಡುತ್ತಾರೆ, ಅಷ್ಟೇ.

ಅಥವಾ ಅವರ ಕಣ್ಣಿಗೇ ಬೀಳುವುದಿಲ್ಲ. 2009ರಲ್ಲಿ ಅಮೆರಿಕದಲ್ಲಿ ಟ್ರಾಪಿಕಾನಾ ತನ್ನ ಜ್ಯೂಸ್ ಡಬ್ಬಿಯ ಮೇಲಿದ್ದ, ಸ್ಟ್ರಾ ಚುಚ್ಚಿದ ಕಿತ್ತಳೆಯ ಚಿತ್ರ ತೆಗೆದು ಜ್ಯೂಸ್ ತುಂಬಿದ ಗಾಜಿನ ಲೋಟದ ಚಿತ್ರ ಹಾಕಿತು. ಒಳಗಿನ ಜ್ಯೂಸ್ ಅದೇ. ಆದರೂ ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20 ಕುಸಿಯಿತು, ಹಳೆಯ ಡಬ್ಬಿ ವಾಪಸ್ ಬಂತು. ಶೆಲ್ಫ್ ಮುಂದೆ ಯಾರೂ ಹೆಸರು ಓದುತ್ತಾ ನಿಲ್ಲುವುದಿಲ್ಲ ಅಲ್ವಾ? ಬಣ್ಣ, ಚಿತ್ರ ನೋಡಿ ಕೈ ಹಾಕುತ್ತಾರೆ. ಹೊಸ ಡಿಸೈನ್ ಬೇಕು ಅಂತ ಹಟ ಹಿಡಿಯುವ ಮ್ಯಾನೇಜರ್‌ಗಳಿಗೆ ನಾನು ಈ ಕಥೆಯನ್ನು ತಪ್ಪದೆ ಹೇಳುತ್ತೇನೆ. ಕೇಳುವವರು ಕಡಿಮೆ.

ಆಫರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಫರ್ ವಾರದಲ್ಲಿ ಗ್ರಾಫ್ ಜಿಗಿಯುತ್ತದೆ, ಆಮೇಲೆ ಎಷ್ಟೋ ಸಲ ಬೀಳುತ್ತದೆ. ಹೇಗೂ ಕೊಳ್ಳುತ್ತಿದ್ದವರೇ ಮುಂದಿನ ತಿಂಗಳದ್ದನ್ನೂ ಸೇರಿಸಿ ಕೊಂಡಿರುತ್ತಾರೆ.

ಇನ್ನು ಸೂಪರ್ ಮಾರ್ಕೆಟ್. ಅದು ಬರೀ ಮಾರಿಕೊಡುವ ಅಂಗಡಿಯಲ್ಲ, ಸ್ವಂತ ಬ್ರ್ಯಾಂಡ್ ಇಟ್ಟುಕೊಂಡಿರುವ ಎದುರಾಳಿ ಕೂಡ. ಬೆಲೆ ಏರಿಕೆ ಒಪ್ಪಲಾಗದು ಅಂತ ಫ್ರಾನ್ಸಿನ ಕ್ಯಾರಿಫೋರ್ 2024ರ ಜನವರಿಯಲ್ಲಿ ಪೆಪ್ಸಿಕೋ ಮಾಲು ಮಾರುವುದನ್ನು ಕೆಲವು ದೇಶಗಳಲ್ಲಿ ನಿಲ್ಲಿಸಿತು. ಮಾಲು ಕೊಡುವುದನ್ನು ನಾವೇ ನಿಲ್ಲಿಸಿದ್ದೆವು ಅಂದಿತು ಪೆಪ್ಸಿಕೋ. ಕೆಲವು ತಿಂಗಳಲ್ಲಿ ರಾಜಿಯಾಯಿತು. ಯಾರು ಸರಿ ಅನ್ನುವುದು ಬೇರೆ ಮಾತು. ಶೆಲ್ಫ್ ಖಾಲಿ ಇದ್ದಷ್ಟು ದಿನ ಗಿರಾಕಿ ಪಕ್ಕದ್ದನ್ನು ರುಚಿ ನೋಡುತ್ತಾರೆ. ಕೆಲವರು ಅದಕ್ಕೇ ಒಗ್ಗಿಹೋಗುತ್ತಾರೆ.

ಜಗಳವಿಲ್ಲದೆಯೂ ಶೆಲ್ಫ್ ಖಾಲಿಯಾಗುತ್ತದೆ. ವಾರದ ಒಟ್ಟು ಲೆಕ್ಕ ಬಿಟ್ಟು, ಗಂಟೆಗಂಟೆಯ ಬಿಲ್ ತೆಗೆದು ನೋಡಿ. ಶನಿವಾರ ಮಧ್ಯಾಹ್ನದವರೆಗೆ ಚೆನ್ನಾಗಿ ಹೋದ ಮಾಲು ಸಂಜೆಯಿಂದ ಸೊನ್ನೆ, ಸೊನ್ನೆ, ಸೊನ್ನೆ. ಸೋಮವಾರದ ಮೀಟಿಂಗಿನಲ್ಲಿ ಇದನ್ನು ಬೇಡಿಕೆ ಕುಸಿತ ಅನ್ನುತ್ತಾರೆ, ಜಾಹೀರಾತಿನ ಬಜೆಟ್ ಕೇಳುತ್ತಾರೆ. ಸ್ಟಾಕ್ ಲೆಕ್ಕ ತೆಗೆದರೆ ಅದೇ ಮಾಲು ಅಂಗಡಿಯ ಹಿಂದಿನ ಗೋದಾಮಿನಲ್ಲೇ ಬಿದ್ದಿರುತ್ತದೆ. ತಂದು ಜೋಡಿಸಲು ಆಳಿರಲಿಲ್ಲ.