ಪದ ಪರಿಚಯ: ‘ಒರಿಜಿನಲ್ ಕಂಡಿಷನ್’

ಹೊಸೂರಿನಲ್ಲಿ ಹಳೆಯ ಬೈಕ್ ಕೊಳ್ಳಲು ಹೊರಟವರ ಕಿವಿಗೆ ಮೊದಲು ಬೀಳುವ ಮಾತು ‘ಒರಿಜಿನಲ್ ಕಂಡಿಷನ್’. ಹೊಸ ಬಣ್ಣ ಹೊಡೆಸಿ, ಸ್ಟಿಕ್ಕರ್ ಅಂಟಿಸಿ, ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿ ಬಿಸಿಲಿಗೆ ನಿಲ್ಲಿಸಿದ ಗಾಡಿಗೂ ಈ ಹೆಸರೇ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು, ಸವಾರನ ಮೊಣಕಾಲು ತಾಗುವ ಕಡೆ ಟ್ಯಾಂಕಿನ ಬಣ್ಣ ಮಾಸಿದ ಗಾಡಿಗೂ ಈ ಹೆಸರೇ. ನಿಜಕ್ಕೂ ಈ ಮಾತು ಒಪ್ಪುವುದು ಎರಡನೆಯದಕ್ಕೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಇದ್ದ ಚಾಸಿ (ಗಾಡಿಯ ಚೌಕಟ್ಟು), ಎಂಜಿನ್, ಬಣ್ಣ ಮತ್ತು ಮುಖ್ಯ ಭಾಗಗಳು ಇಂದಿಗೂ ಗಾಡಿಯಲ್ಲೇ ಇದ್ದರೆ ಅದು ಒರಿಜಿನಲ್. ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ಬಣ್ಣ ಹಚ್ಚಿ ಮತ್ತೆ ಕಟ್ಟಿದ್ದು ‘ರೆಸ್ಟೋರ್’ ಮಾಡಿದ ಗಾಡಿ. ಅದೂ ಒಳ್ಳೆಯ ಗಾಡಿಯೇ ಆಗಿರಬಹುದು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಿದಾಗಲೇ ತಕರಾರು.

ಈ ಮಾತಿಗೆ ಹೊಸೂರಿನಲ್ಲಿ ಇಷ್ಟು ಬೆಲೆ ಬಂದದ್ದು ಸುಮ್ಮನೆ ಅಲ್ಲ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಈ ಊರಿನಿಂದ. 1984ರಲ್ಲಿ ಜಪಾನಿನ ಸುಜುಕಿ ಜೊತೆಗಿನ ಇಂಡ್-ಸುಜುಕಿ ಎಎಕ್ಸ್100 ಬಂತು, 1993ರ ಹೊತ್ತಿಗೆ ಶೋಗನ್. ಶೋಗನ್ನಿನ ಎಂಜಿನ್ 108 ಸಿಸಿ, ಶಕ್ತಿ 14 ಅಶ್ವಶಕ್ತಿ. ಆ ಗಾತ್ರಕ್ಕೆ ಅದು ಸಣ್ಣ ಸಂಗತಿಯಲ್ಲ. 1985ರಲ್ಲಿ ಬಂದು 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್100 ಉತ್ತರ ಭಾರತದ ಎಸ್ಕಾರ್ಟ್ಸ್ ಕಂಪನಿಯದು. ಆದರೂ ತಳಿ, ಬಾಗಲೂರು, ಡೆಂಕಣಿಕೋಟೆ ಕಡೆ ಶೋಗನ್ನಿಗಿಂತ ಅದರ ಹೆಸರೇ ಹೆಚ್ಚು ಓಡುತ್ತದೆ. ನಮ್ಮ ಕಡೆ ಸಣ್ಣ ಎಂಜಿನ್ನಿನ ಸ್ಪೋರ್ಟ್ಸ್ ಬೈಕ್ ಎಂದರೆ ಪೆಟ್ರೋಲಿನ ಜೊತೆ ಆಯಿಲನ್ನೂ ಉರಿಸುವ ಈ ಟೂ-ಸ್ಟ್ರೋಕ್ ಗಾಡಿಗಳೇ. ಹೊಗೆಯ ನಿಯಮಗಳು ಬಿಗಿಯಾದಂತೆ ಅವು ಹೊಸ ಗಾಡಿಗಳ ಅಂಗಡಿಯಿಂದ ಮರೆಯಾದವು. ಬೆಂಗಳೂರಿನವರು ಈಗ ಅತ್ತಿಬೆಲೆ ದಾಟಿ ಬಂದು ಅವನ್ನು ಹುಡುಕುತ್ತಾರೆ.

ಮಾರುವವರ ಬಾಯಲ್ಲಿ ಇನ್ನೊಂದು ಮಾತು ಸದಾ ಸಿದ್ಧ: ‘ಎಂಜಿನ್‌ಗೆ ಕೈ ಹಾಕಿಲ್ಲ.’ ಇದನ್ನು ಪರೀಕ್ಷಿಸಲು ಎಂಜಿನ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕವರಿನ ಸ್ಕ್ರೂಗಳ ತಲೆ ನೋಡಬೇಕು. ಜಪಾನಿ ವಿನ್ಯಾಸದ ಈ ಎಂಜಿನ್‌ಗಳ ಸ್ಕ್ರೂಗಳ ತಲೆಯಲ್ಲಿ ಕೂಡಿಸುವ ಚಿಹ್ನೆಯ (+) ಆಕಾರದ ಗುಂಡಿ ಇರುತ್ತದೆ. ಅಳತೆ ಸರಿಯಿಲ್ಲದ ಸ್ಕ್ರೂಡ್ರೈವರ್ ಹಾಕಿ ಬಲವಾಗಿ ತಿರುಗಿಸಿದರೆ ಗುಂಡಿಯ ಅಂಚು ಹರಿದು ದುಂಡಗಾಗುತ್ತದೆ. ಸುತ್ತಿಗೆಯಿಂದ ಬಡಿದು ಬಿಚ್ಚಿದ್ದರೆ ಪಕ್ಕದ ಅಲ್ಯೂಮಿನಿಯಂ ಮೇಲೂ ಗಾಯದ ಗುರುತು ಉಳಿಯುತ್ತದೆ. ಸಾಲಿನ ಎಲ್ಲ ಸ್ಕ್ರೂಗಳೂ ಒಂದೇ ಮಟ್ಟಕ್ಕೆ ಮಂಕಾಗಿ, ಅಂಚು ಕೆಡದೆ ಕೂತಿದ್ದರೆ ಮಾರುವವರ ಮಾತು ನಂಬಬಹುದು. ನಡುವೆ ಎರಡು ಮಾತ್ರ ಫಳಫಳ ಹೊಳೆಯುತ್ತಿದ್ದರೆ ಅಲ್ಲಿ ಯಾರೋ ಕೆಲಸ ಮಾಡಿದ್ದಾರೆ. ಮಾಡಬಾರದೆಂದಲ್ಲ, ಏನು ಮಾಡಿದರು ಎಂದು ಕೇಳಿ ತಿಳಿಯಬೇಕು.

ಕೇಳಬೇಕಾದ ಮುಖ್ಯ ಪ್ರಶ್ನೆ ಬೋರ್‌ನದು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳ ವ್ಯಾಸದ್ದು. ಆರ್‌ಎಕ್ಸ್100ರ ಸಿಲಿಂಡರಿನ ಒಳ ವ್ಯಾಸ 50 ಮಿಲಿಮೀಟರ್, ಪಿಸ್ಟನ್ ಓಡುವ ಉದ್ದವೂ 50 ಮಿಲಿಮೀಟರ್. ಅದಕ್ಕೇ ಅದು ಲೆಕ್ಕದಲ್ಲಿ 98 ಸಿಸಿ. ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕುವಾಗ ಸಾಮಾನ್ಯವಾಗಿ ಕಾಲು ಮಿಲಿಮೀಟರಿನಂತೆ ಹೆಚ್ಚಿಸುತ್ತ ಹೋಗುತ್ತಾರೆ. ಪ್ರತಿ ಸಲವೂ ಒಳಗಿನ ಲೋಹ ತೆಳ್ಳಗಾಗುತ್ತದೆ. ‘ಸ್ಟ್ಯಾಂಡರ್ಡ್ ಬೋರ್’ ಎಂದರೆ ಇನ್ನೂ ಕೊರೆಯದ ಸಿಲಿಂಡರ್. ಹಳೆಯ ಟೂ-ಸ್ಟ್ರೋಕ್‌ನಲ್ಲಿ ನಿಜವಾದ ಆಸ್ತಿ ಇದು. ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿಸಿ ನೋಡಿದರೆ ಪಿಸ್ಟನ್ನಿನ ನೆತ್ತಿಯ ಮೇಲೆ ಮಸಿಯ ಅಡಿಯಲ್ಲಿ ಅಳತೆಯ ಅಂಕಿ ಒತ್ತಿರುತ್ತದೆ, ಮಸಿ ತೆಗೆದರೆ ಕಾಣುತ್ತದೆ. ಬಿಚ್ಚಲು ಬಿಡದವರೇ ಹೆಚ್ಚು. ಆಗ ಕಿಕ್ ಕೈಯಿಂದ ಮೆಲ್ಲಗೆ ಒತ್ತಿ ನೋಡಿ, ಒಂದು ಹಂತದಲ್ಲಿ ಅದು ಗಟ್ಟಿಯಾಗಿ ತಡೆಯಬೇಕು. ಸರಾಗವಾಗಿ ಇಳಿದುಹೋದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದರೆ, ಆ ಆಯಿಲ್ ಎಂಜಿನ್ನಿನೊಳಗೆ ನುಗ್ಗದಂತೆ ತಡೆಯುವ ಕ್ರ್ಯಾಂಕಿನ ಸೀಲ್ ಸೋತಿದೆ.

ಬಣ್ಣದ ಪರೀಕ್ಷೆ ಸುಲಭ. ಸೈಡ್ ಪ್ಯಾನೆಲ್ ತೆಗೆದು ಒಳಮೈ ನೋಡಿ, ಟ್ಯಾಂಕ್ ಎತ್ತಿಸಿ ಅದರ ಅಡಿ ನೋಡಿ. ಮತ್ತೆ ಬಣ್ಣ ಹೊಡೆಯುವವರು ವೈರಿನ ಮೇಲೂ ರಬ್ಬರಿನ ಮೇಲೂ ಒಂದಿಷ್ಟು ತುಂತುರು ಬಿಟ್ಟಿರುತ್ತಾರೆ. ಅತಿಯಾದ ಹೊಳಪೂ ಅನುಮಾನಕ್ಕೆ ಕಾರಣವೇ. ಇಂದಿನ ರೆಸ್ಟೋರ್ ಗಾಡಿಗಳ ಮೇಲಿರುವಷ್ಟು ಕನ್ನಡಿಯಂಥ ಬಣ್ಣವನ್ನು ಆ ಕಾಲದ ಯಾವ ಕಂಪನಿಯೂ ನೂರು ಸಿಸಿ ಬೈಕಿಗೆ ಹಚ್ಚಿರಲಿಕ್ಕಿಲ್ಲ. ಮಾಸಿದ ಕಂಪನಿ ಪೇಂಟ್ ಮತ್ತು ಹೊಳೆಯುವ ಹೊಸ ಪೇಂಟ್ ಎರಡೂ ಎದುರಿಗಿದ್ದರೆ ನಾನು ಮಾಸಿದ್ದಕ್ಕೇ ಹೆಚ್ಚು ಹಣ ಕೊಡುತ್ತೇನೆ. ಹಚ್ಚಿಸಬೇಕೆಂದರೆ ಹೊಸ ಬಣ್ಣ ನಾಳೆಯೂ ಸಿಗುತ್ತದೆ.

ಟಯರ್, ಚೈನ್, ಕೇಬಲ್, ಬ್ರೇಕ್ ಶೂ, ಪ್ಲಗ್ ಬದಲಾದರೆ ಒರಿಜಿನಲ್ ಎಂಬುದಕ್ಕೆ ಕುಂದಿಲ್ಲ. ಅವು ಸವೆಯುವುದಕ್ಕೇ ಇರುವ ವಸ್ತುಗಳು. ಮೂವತ್ತು ವರ್ಷದ ಟಯರನ್ನು ಹೆಮ್ಮೆಯಿಂದ ಉಳಿಸಿಕೊಂಡವರೂ ಇದ್ದಾರೆ. ರಬ್ಬರ್ ಕಲ್ಲಾಗಿರುವ ಆ ಟಯರ್ ಮೇಲೆ ಮಳೆಯಲ್ಲಿ ಅವರೇ ಓಡಾಡಲಿ. ಬದಲಾಗಬಾರದ್ದು ಸೈಲೆನ್ಸರ್, ಕಾರ್ಬ್ಯುರೇಟರ್, ರಿಮ್, ಮೀಟರ್. ಗಾಡಿ ಹುಡುಗರ ಕೈಯಲ್ಲಿದ್ದ ಕಾಲದಲ್ಲಿ ಮೊದಲು ಕಳಚಿ ಬಿದ್ದದ್ದು ಸೈಲೆನ್ಸರೇ, ಹಾಗಾಗಿ ಇಂದು ಹುಡುಕಿದರೂ ಸಿಗದ ಭಾಗಗಳಲ್ಲಿ ಅದೂ ಒಂದು. ಆ ಕಾಲದಲ್ಲೇ ತಯಾರಾಗಿ ಅಂಗಡಿಯ ಅಟ್ಟದಲ್ಲಿ ಪೊಟ್ಟಣ ಒಡೆಯದೆ ಉಳಿದ ಬಿಡಿಭಾಗಕ್ಕೆ ‘ಎನ್‌ಒಎಸ್’ (ನ್ಯೂ ಓಲ್ಡ್ ಸ್ಟಾಕ್) ಎನ್ನುತ್ತಾರೆ. ಅದನ್ನು ಹಾಕಿದ ಗಾಡಿಯನ್ನು ಒರಿಜಿನಲ್ ಎಂದೇ ಎಣಿಸುವವರು ಬಹಳ, ನನಗೂ ಆಕ್ಷೇಪವಿಲ್ಲ.

‘ವಿಂಟೇಜ್’ ಎಂಬ ಮಾತು ಮಾತ್ರ ಇಲ್ಲಿ ಸಲ್ಲದು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ ಮತ್ತು ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡಾಗದ ವಾಹನವೇ ವಿಂಟೇಜ್. ಅದಕ್ಕೆ ‘ವಿಎ’ ಅಕ್ಷರಗಳಿರುವ ಬೇರೆಯೇ ನೋಂದಣಿ ಸಂಖ್ಯೆ, ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಮೊದಲ ಆರ್‌ಎಕ್ಸ್100 ಆ ವಯಸ್ಸು ಮುಟ್ಟುವುದು 2035ರಲ್ಲಿ, ಶೋಗನ್ 2043ರಲ್ಲಿ. ಅಲ್ಲಿಯವರೆಗೆ ಇವು ಕಾನೂನಿನ ಕಣ್ಣಿಗೆ ಬರಿಯ ಹಳೆಯ ಬೈಕುಗಳು: 15 ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಿರಬೇಕು.

ಒರಿಜಿನಲ್ ಎಂಬುದು ಕಾಗದಕ್ಕೂ ಅನ್ವಯಿಸುತ್ತದೆ. ಹೊಸೂರಿನ ಈಗಿನ ನಂಬರ್ ಟಿಎನ್-70 ಆದರೂ, 2004ರವರೆಗೆ ಊರು ಧರ್ಮಪುರಿ ಜಿಲ್ಲೆಯಲ್ಲಿದ್ದರಿಂದ ಹಳೆಯ ಗಾಡಿಯ ಮೇಲೆ ಟಿಎನ್-29 ಕಂಡರೆ ಅಚ್ಚರಿ ಬೇಡ. ಬೆಂಗಳೂರಿಗೆ ಒಯ್ದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವವರು ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಲೇಬೇಕು. ಅದಕ್ಕೆ ಇಲ್ಲಿನ ಆರ್‌ಟಿಒ ಕಚೇರಿಯಿಂದ ಫಾರಂ 28ರಲ್ಲಿ ಎನ್‌ಒಸಿ ಬೇಕು. ಆ ಫಾರಂ ಜೊತೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೇಳುತ್ತಾರೆ: ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಈ ಕೆಲಸವನ್ನು ಮುಂಗಡ ಕೊಡುವ ಮೊದಲೇ ಮಾಡಿ, ಆರ್‌ಸಿ ಜೊತೆ ಹೋಲಿಸಿ. ಅಂಕಿಗಳ ಆಳ ಒಂದೊಂದು ಕಡೆ ಒಂದೊಂದಾಗಿದ್ದು ಸುತ್ತ ಗ್ರೈಂಡರಿನ ಗೆರೆ ಮೂಡಿದರೆ ಆ ಗಾಡಿ ಬೇಡ. ದಪ್ಪ ಪೌಡರ್ ಕೋಟಿಂಗ್ ತುಂಬಿಕೊಂಡು ಅಂಕಿಯೇ ಮೂಡದಿದ್ದರೆ, ಅದನ್ನು ಕೆರೆದು ತೋರಿಸುವ ಕೆಲಸ ಮಾರುವವರದು.